ದಪ್ಪ ಪುಸ್ತಕದೊಳಗೆ ನಮ್ಮ ಮನೆಯ ಹುರುಳಿ

ಇತಿಹಾಸದ ದೊಡ್ಡ ದೊಡ್ಡ ಗ್ರಂಥಗಳೆಂದರೆ ನಮ್ಮಲ್ಲಿ ಬಹಳ ಮಂದಿಗೆ ಒಂದು ಬಗೆಯ ಅಂಜಿಕೆ. ಅವೆಲ್ಲ ಕಾಲೇಜಿನ ಮೇಷ್ಟ್ರುಗಳಿಗೆ, ಪಂಡಿತರಿಗೆ. ಒಲೆ ಮುಂದೆ ನಿಲ್ಲುವ ನಮಗೇನು ಅಂತ ನಾವೇ ಒಂದು ಗೆರೆ ಎಳೆದುಕೊಂಡಿದ್ದೇವೆ. ತೆರೆದರೆ ರಾಜರ ಯುದ್ಧ, ಪಟ್ಟಾಭಿಷೇಕದ ಇಸವಿ, ಶಾಸನದ ನಂಬರು ಇಷ್ಟೇ ಇದ್ದೀತು ಎಂಬ ನಂಬಿಕೆ ಬೇರೆ. ಆದರೆ ಬಳ್ಳಾರಿ ಸೀಮೆಯನ್ನು ಕುರಿತು ಈಚಿನ ಇಪ್ಪತ್ತು ವರ್ಷಗಳಲ್ಲಿ ಬಂದಿರುವ ವಿದ್ವತ್ ಬರಹಗಳನ್ನು ಸ್ವಲ್ಪ ತಿರುವಿ ಹಾಕಿ ನೋಡಿ. ಹೆಸರುಕಾಳು, ಹುರುಳಿ, ಬೀಸುವ ಕಲ್ಲು, ಸಗಣಿ, ಕೆರೆ ನೀರು, ಅನ್ನ! ನಮ್ಮ ಮನೆಯ ಸಾಮಾನಿನ ಚೀಟಿಯನ್ನೇ ಯಾರೋ ಅಚ್ಚು ಹಾಕಿಸಿದ್ದಾರೇನೋ ಅನ್ನಿಸುತ್ತದೆ.

ಕುರುಗೋಡು ತಾಲ್ಲೂಕಿನ ಬಾದನಹಟ್ಟಿಯಂಥ ಊರಿನವರಿಗೆ ಇದು ಇನ್ನೂ ಹತ್ತಿರದ ಸಂಗತಿ. ಕುರುಗೋಡಿನ ಗುಡ್ಡ, ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆ, ಬಳ್ಳಾರಿ ಊರಿನ ಮಗ್ಗುಲಲ್ಲೇ ಇರುವ ಸಂಗನಕಲ್ಲು ಇವೆಲ್ಲ ನಾವು ಸಂತೆಗೆ, ನೆಂಟರ ಮನೆಗೆ ಓಡಾಡುವ ಊರುಗಳು. ಹೊರದೇಶದ ವಿಶ್ವವಿದ್ಯಾಲಯಗಳಲ್ಲಿ ಈ ಹೆಸರುಗಳು ಮನೆಮಾತಾಗಿವೆ. ನಮ್ಮಲ್ಲೇ ಗೊತ್ತಿರುವವರು ಕಡಿಮೆ.

ಮೊದಲು ಹಳೆಯ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಭೂಗರ್ಭ ಇಲಾಖೆಯ ಅಧಿಕಾರಿ ರಾಬರ್ಟ್ ಬ್ರೂಸ್ ಫೂಟ್ ಎಂಬಾತ 1870ರ ದಶಕದಲ್ಲಿ ಈ ಗುಡ್ಡಗಳನ್ನು ಹತ್ತಿ ಶಿಲಾಯುಗದ ಕೊಡಲಿಗಳನ್ನು ಆರಿಸಿದ. ಬಿ. ಸುಬ್ಬರಾವ್ ಅವರು 1946ರಲ್ಲಿ ಸಂಗನಕಲ್ಲಿನಲ್ಲಿ ಅಗೆತ ಮಾಡಿಸಿ, 1948ರಲ್ಲಿ ಬಳ್ಳಾರಿಯ ಶಿಲಾಯುಗದ ಮೇಲೆ ಪುಸ್ತಕ ತಂದರು. ತೆಕ್ಕಲಕೋಟೆಯಲ್ಲಿ ಎಂ.ಎಸ್. ನಾಗರಾಜರಾವ್ ಮತ್ತು ಕೆ.ಸಿ. ಮಲ್ಹೋತ್ರ ಅಗೆತ ಮಾಡಿದರು. ಅವರ ಪುಸ್ತಕ ಬಂದದ್ದು 1965ರಲ್ಲಿ. ಅಲ್ಲಿ ಬಂಗಾರದ ಒಡವೆ ಸಹ ಸಿಕ್ಕಿತು. ಕಲ್ಲಿನ ಕೊಡಲಿ ಹಿಡಿದ ಕಾಲದಲ್ಲೂ ಬಂಗಾರದ ಆಸೆ ಇತ್ತು ನೋಡಿ!

ಬೂದಿ ದಿಬ್ಬಗಳ ವಿಷಯವಂತೂ ಸೊಗಸಾಗಿದೆ. ಕುಡುತಿನಿ, ಕಪ್ಪಗಲ್ಲು ಮೊದಲಾದ ಕಡೆ ಗುಡ್ಡೆ ಗುಡ್ಡೆ ಬೂದಿ ಬಿದ್ದಿದೆ. ಹಂಪಿ ಹತ್ತಿರದ ನಿಂಬಾಪುರದ ದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಬೂದಿ ಅಂತಲೇ ಹೇಳುತ್ತಾರೆ. ಇದು ದನದ ಸಗಣಿ ಸುಟ್ಟ ಬೂದಿ ಎಂದು ಫೂಟ್ ಅಂದೇ ವಾದಿಸಿದ್ದ. ಎಫ್.ಆರ್. ಆಲ್ಚಿನ್ ಎಂಬ ಕೇಂಬ್ರಿಡ್ಜಿನ ವಿದ್ವಾಂಸರು ಇಂದಿನ ತೆಲಂಗಾಣದ ಉಟ್ನೂರಿನ ದಿಬ್ಬವನ್ನು ಅಗೆಸಿದಾಗ ದನದ ಗೊರಸಿನ ಗುರುತುಗಳೇ ಸಿಕ್ಕವು. 1963ರ ಅವರ ಪುಸ್ತಕದಲ್ಲಿ ದೊಡ್ಡಿಯ ಸಗಣಿಗೆ ಕಾಲಕಾಲಕ್ಕೆ ಬೆಂಕಿ ಇಡುತ್ತಿದ್ದುದನ್ನು ಹೋಳಿ, ಸಂಕ್ರಾಂತಿಯ ಬೆಂಕಿಗೆ ಹೋಲಿಸಿದ್ದಾರೆ. ಕುಳ್ಳು ತಟ್ಟಿ ಗೊತ್ತಿರುವ ನಮ್ಮ ಅತ್ತೆಯಂದಿರನ್ನು ಕೇಳಿದ್ದರೆ ಆ ಬೂದಿಯನ್ನು ಬೆರಳಲ್ಲಿ ತಿಕ್ಕಿ ನೋಡಿಯೇ ಹೇಳುತ್ತಿದ್ದರೇನೋ, ಅದು ಬೇರೆ ಮಾತು.

ಸೀದ ಕಾಳು ಹೇಳಿದ ಕಥೆ

ಇಲ್ಲಿಂದ ಮುಂದಿನದು ಹೊಸ ಸಂಶೋಧನೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿದ್ದ ರವಿ ಕೋರಿಶೆಟ್ಟರ್, ಲಂಡನ್ನಿನ ಡೋರಿಯನ್ ಫುಲ್ಲರ್ ಮತ್ತು ಅವರ ಜೊತೆಗಾರರು ಸಂಗನಕಲ್ಲು, ತೆಕ್ಕಲಕೋಟೆ, ಕುರುಗೋಡು ಮುಂತಾದ ಕಡೆಯ ಹಳೇ ವಸತಿಗಳ ಮಣ್ಣನ್ನು ತೆಗೆದು ನೋಡಿದರು. ಅವರು ಹುಡುಕಿದ್ದು ಕತ್ತಿಯನ್ನಲ್ಲ, ನಾಣ್ಯವನ್ನಲ್ಲ. ಕಾಳನ್ನು!

ಅವರು ಮಾಡುವ ಕೆಲಸ ನಮಗೆ ಹೊಸದೇನಲ್ಲ. ಅಕ್ಕಿಯನ್ನು ನೀರಿನಲ್ಲಿ ಜಾಲಿಸಿ ಕಲ್ಲು ಬೇರ್ಪಡಿಸುತ್ತೇವಲ್ಲ, ಹೆಚ್ಚು ಕಡಿಮೆ ಅದೇ ಉಪಾಯ. ಅಗೆದ ಮಣ್ಣನ್ನು ನೀರಿಗೆ ಸುರಿದು ಕಲಕುತ್ತಾರೆ. ಮಣ್ಣು, ಕಲ್ಲು ತಳ ಸೇರುತ್ತದೆ. ಸುಟ್ಟು ಕರಿಯಾದ ಕಾಳು ಹಗುರವಾದ್ದರಿಂದ ಮೇಲೆ ತೇಲುತ್ತದೆ. ಅದನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಿ, ಒಣಗಿಸಿ, ಸೂಕ್ಷ್ಮದರ್ಶಕದಲ್ಲಿಟ್ಟು ಜಾತಿ ಗುರುತಿಸುತ್ತಾರೆ. ಹಸಿ ಕಾಳು ಮಣ್ಣಲ್ಲಿ ಕೊಳೆತು ಹೋಗುತ್ತದೆ. ಒಲೆಗೆ ಚೆಲ್ಲಿ ಇದ್ದಿಲಾದದ್ದು ಮಾತ್ರ ಸಾವಿರಾರು ವರ್ಷ ಉಳಿಯುತ್ತದೆ. ಹಾಗೆ ಚೆಲ್ಲಿದ್ದಕ್ಕೆ ಅಂದು ಯಾವ ಸೊಸೆ ಬೈಸಿಕೊಂಡಳೋ, ಇಂದಿನ ವಿದ್ವಾಂಸರು ಅವಳಿಗೆ ಋಣಿಗಳು.

ಸಿಕ್ಕಿದ್ದೇನು ಗೊತ್ತೇ? ಮುಖ್ಯವಾಗಿ ನಾಲ್ಕು. ಹೆಸರು, ಹುರುಳಿ, ಕೊರಲೆ, ಮತ್ತೆ ನವಣೆಯ ಬಳಗಕ್ಕೇ ಸೇರಿದ ಇನ್ನೊಂದು ಸಣ್ಣ ಹುಲ್ಲುಕಾಳು. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಈ ಗುಡ್ಡಗಳ ಮೇಲೆ ಇದ್ದವರ ಊಟ ಇದು. ಬೇಸಾಯವೆಂಬುದು ಹೊರಗಿನಿಂದಲೇ ದಕ್ಷಿಣಕ್ಕೆ ಬಂತು ಎನ್ನುವ ಮಾತನ್ನು ಇದು ಅಲುಗಾಡಿಸಿತು. ಈ ಕಾಳುಗಳು ಕಾಡು ಹುಲ್ಲು, ಕಾಡು ಬಳ್ಳಿಯಿಂದ ಹೊಲದ ಬೆಳೆಯಾದದ್ದು ನಮ್ಮ ದಕ್ಷಿಣದಲ್ಲೇ ಎಂಬುದು ಫುಲ್ಲರ್ ಮತ್ತು ಸಂಗಡಿಗರು 2004ರಲ್ಲಿ ಬರೆದ ಲೇಖನದ ವಾದ. ಗೋದಿ, ಬಾರ್ಲಿಯೂ ಸಿಕ್ಕಿವೆ. ಆದರೆ ಅವು ಆಮೇಲೆ ಬಂದ ನೆಂಟರು. ಚೀನಾ ದೇಶದವರು ಮೊಳಕೆ ಬರಿಸಿ ತಿನ್ನುವ ಹೆಸರುಕಾಳಿನ ತವರು ಸಹ ನಮ್ಮ ಭಾರತವೇ.

ಈಗ ನಿಮ್ಮ ಅಡಿಗೆಮನೆಗೆ ಬನ್ನಿ. ಹುರುಳಿ ಕಟ್ಟಿನ ಸಾರು ಮಾಡುತ್ತೀರಲ್ಲ, ಅದರಿಂದ ಮೆಣಸಿನಕಾಯಿಯನ್ನೂ ಟೊಮೆಟೊವನ್ನೂ ತೆಗೆದಿಡಿ. ಅವು ಅಮೆರಿಕ ಖಂಡದವು, ಪೋರ್ಚುಗೀಸರು ಬಂದ ಮೇಲೆ ಬಂದವು. ಶೇಂಗಾ ಚಟ್ನಿಯ ಶೇಂಗಾವೂ ಅಲ್ಲಿಯದೇ. ರೊಟ್ಟಿಯ ಜೋಳದ ತವರು ಆಫ್ರಿಕಾ. ಕೃಷ್ಣದೇವರಾಯನ ಹಿರಿಯರು ಕೆಂಪು ಮೆಣಸಿನಕಾಯಿಯನ್ನು ಕಂಡೇ ಇರಲಿಲ್ಲ, ಬಳ್ಳಾರಿಯವರಿಗೆ ಇದನ್ನು ನಂಬುವುದು ಕಷ್ಟ! ಎಲ್ಲವನ್ನೂ ತೆಗೆದ ಮೇಲೆ ಪಾತ್ರೆಯ ತಳದಲ್ಲಿ ಉಳಿಯುವ ಹುರುಳಿ ಮಾತ್ರ ಸಂಗನಕಲ್ಲಿನ ಕಾಲದ್ದು. ಆ ಹುರುಳಿಯನ್ನು ಈಗ ನಾವು ದನಕ್ಕೆ, ಕುದುರೆಗೆ ಅಂತ ಮೂಗು ಮುರಿಯುತ್ತೇವೆ.

ಮೊರದ ವಿದ್ಯೆ

ಇನ್ನೊಂದು ಸಂಗತಿ ನನ್ನನ್ನು ಬಹಳ ಹಿಡಿದು ನಿಲ್ಲಿಸಿತು. ಸಿಕ್ಕ ಕಾಳು ಊಟದ್ದೋ, ಕಣದ ಕಸದ್ದೋ ಎಂದು ತಿಳಿಯುವುದು ಹೇಗೆ? ಅದಕ್ಕೆ ವಿದ್ವಾಂಸರು ಇಂದಿನ ಹಳ್ಳಿಗಳ ಕಣಕ್ಕೇ ಬರಬೇಕಾಯಿತು. ಸೀತಾ ರೆಡ್ಡಿ ಎಂಬ ಸಂಶೋಧಕಿ ಆಂಧ್ರದ ಹಳ್ಳಿಗಳಲ್ಲಿ ಕೂತು, ಸಿರಿಧಾನ್ಯವನ್ನು ಬಡಿಯುವುದು, ತೂರುವುದು, ಜರಡಿ ಹಿಡಿಯುವುದು ಇವನ್ನೆಲ್ಲ ನೋಡಿ, ಯಾವ ಹಂತದಲ್ಲಿ ಯಾವ ಕಸ ಬೀಳುತ್ತದೆ ಎಂದು ಬರೆದುಕೊಂಡರು. ಆ ಲೆಕ್ಕದಿಂದ ಹಳೇ ಮಣ್ಣಿನ ಕಸವನ್ನು ಓದಿದರು.

ಅಂದರೆ ಮೊರ ಹಿಡಿದ ಹೆಂಗಸಿನ ಕೈಚಳಕವೇ ಇಲ್ಲಿ ಆಧಾರ. ನಮ್ಮ ಕನ್ನಡದಲ್ಲಿ ಇದಕ್ಕೆ ಎಷ್ಟು ಮಾತುಗಳಿವೆ ನೋಡಿ: ತೂರುವುದು, ಕೇರುವುದು, ಒನೆಯುವುದು, ಜಾಲಿಸುವುದು. ಒಂದೊಂದಕ್ಕೂ ಕೈ ತಿರುಗುವ ರೀತಿ ಬೇರೆ, ಉದುರುವ ಕಸ ಬೇರೆ. ಬಾದನಹಟ್ಟಿಯ ನಮ್ಮ ಬಂಧುಗಳ ಮನೆಯಲ್ಲಿ ವಯಸ್ಸಾದ ಅಜ್ಜಿಯೊಬ್ಬರನ್ನು ಕೇಳಿದೆ. “ಕೇರೋದೂ ಒನೆಯೋದೂ ಒಂದೇ ಏನವ್ವಾ? ಮೊರ ತಗಂಡು ಬಾ, ತೋರಿಸ್ತೀನಿ” ಅಂದರು. ಮೊರವೇ ಮನೆಯಲ್ಲಿರಲಿಲ್ಲ. ತುಂಗಭದ್ರೆಯ ನೀರು ಬಂದು ಸುತ್ತ ಭತ್ತವಾಯಿತು, ಗಿರಣಿಯಾಯಿತು, ಅಂಗಡಿಯ ಪ್ಯಾಕೆಟ್ಟಾಯಿತು. ಅನುಕೂಲ ಬೇಡ ಅನ್ನುವಷ್ಟು ಹುಚ್ಚು ನನಗಿಲ್ಲ. ಬೀಸಿ ಬೀಸಿ ಸವೆದ ರಟ್ಟೆಗಳನ್ನು ನಾನೂ ಕಂಡಿದ್ದೇನೆ. ಆದರೆ ಆ ಅಜ್ಜಿಯ ಕೈಯಲ್ಲಿರುವುದನ್ನು ಯಾರೂ ಬರೆದುಕೊಂಡಿಲ್ಲ.

ಹೋಗುತ್ತಿರುವುದು ಮೊರವೊಂದೇ ಅಲ್ಲ. ಕಪ್ಪಗಲ್ಲಿನ ಗುಡ್ಡದ ಮೇಲೆ ಉದ್ದ ಕೊಂಬಿನ ಎತ್ತುಗಳು, ಮನುಷ್ಯರ ಚಿತ್ರಗಳು ಬಂಡೆಯಲ್ಲಿ ಕುಟ್ಟಿ ಮೂಡಿಸಿದವು ಇವೆ. ಅಲ್ಲಿ ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಗಂಟೆಯಂತೆ ನಾದ ಬರುತ್ತದೆ! ನಿಕೋಲ್ ಬೊವಿನ್ 2004ರಲ್ಲಿ ಇದನ್ನು ಲೋಕಕ್ಕೆಲ್ಲ ತಿಳಿಯುವಂತೆ ಬರೆದರು. ಕಲ್ಲು ಒಡೆಯುವವರಿಂದ ಗುಡ್ಡಕ್ಕೆ ಅಪಾಯವಿದೆ ಎಂಬ ಕೂಗೂ ಆಗಲೇ ಎದ್ದಿತ್ತು. ಚಿತ್ರ ಪುಸ್ತಕದಲ್ಲಿ ಉಳಿದು ಬಂಡೆ ಜಲ್ಲಿಯಾದರೆ ಆ ನಾದವನ್ನು ಯಾವ ಪುಟದಲ್ಲಿ ಹುಡುಕೋಣ?

ಕ್ಯಾಥ್ಲೀನ್ ಮಾರಿಸನ್ ಅವರ ಪುಸ್ತಕ 2009ರಲ್ಲಿ ಬಂದದ್ದು, ನಮ್ಮ ದರೋಜಿ ಕಣಿವೆಯ ಕೆರೆಗಳ ಮೇಲೆ. ವಿಜಯನಗರದ ಕಾಲದ ಕೆರೆ ಅಂದರೆ ಕಟ್ಟಿಸಿದವರ ಪುಣ್ಯವನ್ನಷ್ಟೇ ನಾವು ಹೇಳುತ್ತೇವೆ. ಈಕೆ ಬೇರೆ ಪ್ರಶ್ನೆಗಳನ್ನು ಎತ್ತುತ್ತಾರೆ: ನೀರು ಯಾರ ಗದ್ದೆಗೆ, ಅನ್ನ ಯಾರ ಎಲೆಗೆ, ಒಣ ಹೊಲದ ಕಾಳು ತಿಂದವರು ಯಾರು? ರಾಜಕೀಯವೆಂದರೆ ಇದೇ ಅಲ್ಲವೇ. ಆಂಡ್ರ್ಯೂ ಬಾಯರ್ ಅವರ 2015ರ ಪುಸ್ತಕ ಇನ್ನೂ ಹಿಂದಕ್ಕೆ, ವಿಜಯನಗರಕ್ಕೂ ಮುಂಚಿನ ತುಂಗಭದ್ರೆಯ ದಂಡೆಗೆ ಹೋಗುತ್ತದೆ. ಓದಲು ಇದು ತುಸು ಗಟ್ಟಿ.

“ಎಲ್ಲಾ ಇಂಗ್ಲಿಷಿನಲ್ಲಿ, ಬೆಲೆಯೋ ಒಂದು ರೇಷ್ಮೆ ಸೀರೆಯಷ್ಟು, ನಮಗೆಲ್ಲಿ ಸಿಗಬೇಕು?” ಅಂತೀರಾ? ನಿಮ್ಮ ದೂರು ನ್ಯಾಯವಾದದ್ದೇ. ನಮ್ಮ ಗುಡ್ಡ, ನಮ್ಮ ಕಾಳು, ನಮ್ಮ ಕೆರೆ. ಓದುವುದಕ್ಕೆ ಮಾತ್ರ ಪರಭಾಷೆ. ಇವುಗಳಲ್ಲಿ ಒಂದನ್ನಾದರೂ ಸರಳ ಕನ್ನಡದಲ್ಲಿ, ಕೈಗೆಟಕುವ ಬೆಲೆಗೆ ತರುವುದು ನಮ್ಮ ಪ್ರಕಾಶಕರಿಗೆ ಅಸಾಧ್ಯವಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಪ್ರಸಾರಾಂಗ ಬಳ್ಳಾರಿ ಜಿಲ್ಲೆಯ ಶಾಸನಗಳನ್ನು ಕನ್ನಡದಲ್ಲೇ ಅಚ್ಚು ಮಾಡಿದೆ. ಜಿಲ್ಲಾ ಗ್ರಂಥಾಲಯದಲ್ಲಿ, ಇಲ್ಲವೇ ಅರಿವು ಕೇಂದ್ರವೆಂದು ಕರೆಯುವ ಪಂಚಾಯಿತಿ ಗ್ರಂಥಾಲಯದಲ್ಲಿ, ಈ ಪುಸ್ತಕ ಬೇಕು ಎಂದು ಹೆಸರು ಬರೆದು ಕೊಡಿ. ನಾಲ್ಕು ಜನ ಸೇರಿ ಬರೆದುಕೊಟ್ಟರೆ ತಳ್ಳಿಹಾಕುವುದು ಕಷ್ಟ. ಕಾಲೇಜಿಗೆ ಹೋಗುವ ಮಗಳಿದ್ದರೆ ಅವಳ ಕೈಲಿ ಒಂದು ಅಧ್ಯಾಯ ಓದಿಸಿ, ಕನ್ನಡದಲ್ಲಿ ಹೇಳಿಸಿಕೊಳ್ಳಿ; ಕಾಳಿನ ವಿಷಯ ಬಂದಾಗ ಅವಳಿಗೆ ನೀವೇ ಹೇಳಿಕೊಡಬೇಕಾದೀತು.

ಬಳ್ಳಾರಿಯಲ್ಲಿ ಫೂಟ್ ಹೆಸರಿನ ಸಂಗನಕಲ್ಲು ವಸ್ತುಸಂಗ್ರಹಾಲಯವೂ ಇದೆ. ಕೋರಿಶೆಟ್ಟರ್ ಅವರು ಬಹಳ ಕಾಲ ಬೆನ್ನು ಹತ್ತಿ ರೂಪಿಸಿದ್ದು. ಆಸ್ಪತ್ರೆಗೋ ಸೀರೆ ಅಂಗಡಿಗೋ ಬಳ್ಳಾರಿಗೆ ಹೋದ ದಿನ ಒಂದು ಗಂಟೆ ಬಿಡುವು ಮಾಡಿಕೊಂಡು ಹೋಗಿ ಬನ್ನಿ. ಮನೆಯಲ್ಲಿ ಅಜ್ಜಿ ಇದ್ದರೆ ಅವರನ್ನೂ ಕರೆದೊಯ್ಯಿರಿ. ಕಲ್ಲಿನ ಸಾಮಾನುಗಳ ಮುಂದೆ ನಿಂತಾಗ ಅವರು ಏನೇನು ಹೇಳುತ್ತಾರೋ, ಅದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.