ಸಂತೆಯ ಹಣ ಎತ್ತ ಸೇರುತ್ತೆ?

ಎಲ್ಲರಿಗೂ ಸಮಸಮ ಹಣ ಕೊಟ್ಟರೆ,
ಅದು ಸಮವಾಗಿಯೇ ಉಳಿಯುತ್ತಾ?

ಕಾರವಾರದ ಭಾನುವಾರದ ಸಂತೆ ನೋಡಿ.
ಅಂಕೋಲೆಯ ಹಾಲಕ್ಕಿ ಹೆಂಗಸರ ತರಕಾರಿ,
ಬೈತಖೋಲದ ಬಂಗುಡೆ ಮೀನು.
ನೋಟು ಕೈಯಿಂದ ಕೈಗೆ ಓಡ್ತಾನೇ ಇರುತ್ತೆ.

ಗಾಳಿಯ ಅಣುಗಳೂ ಹೀಗೇ.
ಡಿಕ್ಕಿಯಾದಾಗ ಒಂದರ ಶಕ್ತಿ ಇನ್ನೊಂದಕ್ಕೆ.
ಒಟ್ಟು ಮೊತ್ತ ಬದಲಾಗಲ್ಲ.

2000ದಲ್ಲಿ ಭೌತವಿಜ್ಞಾನಿ ವಿಕ್ಟರ್ ಯಾಕೊವೆಂಕೊ
ಮತ್ತು ಅವರ ಶಿಷ್ಯ
ಅಣುಗಳ ಲೆಕ್ಕವನ್ನೇ ಹಣಕ್ಕೆ ಹಾಕಿದರು.
ಕೊಡೋದು, ತಗೊಳ್ಳೋದು ಬರೀ ಅದೃಷ್ಟದ ಮೇಲೆ ನಡೆದರೂ,
ಕೊನೆಗೆ ಬಹಳ ಜನರ ಕೈಲಿ ಕಡಿಮೆ,
ಕೆಲವರ ಕೈಲಿ ತುಂಬ!

ಈ ಲೆಕ್ಕದಲ್ಲಿ ಯಾರೂ ಸೋಮಾರಿಯಲ್ಲ, ಗಮನಿಸಿ.
ಬಡವರನ್ನ ಬೈಯುವವರು ಇದನ್ನ ಕೇಳಲೇಬೇಕು.

ಹಣವನ್ನ ಹೀಗೆ ಭೌತವಿಜ್ಞಾನದ ಕಣ್ಣಲ್ಲಿ ನೋಡುವ ಶಾಸ್ತ್ರಕ್ಕೆ ಇಕನಾಫಿಸಿಕ್ಸ್ ಅನ್ನೋ ಹೆಸರು ಬಿದ್ದದ್ದು
1995ರಲ್ಲಿ, ನಮ್ಮ ಕೋಲ್ಕತ್ತದಲ್ಲಿ.
ಅಲ್ಲಿನ ವಿಜ್ಞಾನಿಗಳೇ ಮುಂದೆ ಈ ಲೆಕ್ಕಕ್ಕೆ ಉಳಿತಾಯವನ್ನೂ ಸೇರಿಸಿ ನೋಡಿದರು.
ಪ್ರತಿ ವ್ಯಾಪಾರದಲ್ಲೂ ಎಲ್ಲರೂ ಒಂದು ಪಾಲು ಉಳಿಸಿಕೊಂಡರೆ,
ಬರಿಗೈಯವರು ಕಡಿಮೆಯಾಗ್ತಾರೆ.