ಮುರಿದ ಬೋಲ್ಟು ಬಿಡಿಸುವ ವಿದ್ಯೆ

ಕೊಯಮತ್ತೂರು ಎಂದರೆ ನಮಗೆ ನೆನಪಾಗುವುದು ಪಂಪ್‌ಸೆಟ್ಟು, ವೆಟ್ ಗ್ರೈಂಡರು, ನೂಲಿನ ಗಿರಣಿ. ಆದರೆ ಚಾಮರಾಜನಗರದಿಂದ ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದು, ಸತ್ಯಮಂಗಲ ದಾಟಿ ಹೋಗುವ ಲಾರಿಗಳಿಗೆ ಅವುಗಳಷ್ಟೇ ಮುಖ್ಯವಾದವು ಅಲ್ಲಿನ ಲೇತು, ವೆಲ್ಡಿಂಗ್ ಅಂಗಡಿಗಳು. ತುಕ್ಕು ಕಚ್ಚಿದ, ತಲೆ ಮುರಿದ ಬೋಲ್ಟನ್ನು ಬಿಡಿಸುವುದು ಅಲ್ಲಿನ ಕೆಲಸಗಳಲ್ಲೊಂದು. ರಿಪೇರಿಗೆ ಮೊದಲು ಎದುರಾಗುವ ಕಿರಿಕಿರಿ ಎಂದು ಇದನ್ನು ಬದಿಗೆ ಸರಿಸುವುದೇ ಹೆಚ್ಚು. ನನ್ನ ದೃಷ್ಟಿಯಲ್ಲಿ ಇದು ಲೋಹದ ಸ್ವಭಾವ ಬಲ್ಲವರಿಗಷ್ಟೇ ಒಲಿಯುವ ವಿದ್ಯೆ. ಇದಕ್ಕೆ ತನ್ನದೇ ಹೆಸರು, ತನ್ನದೇ ಕೂಲಿ ಸಲ್ಲಬೇಕು.

ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ. ಬೋಲ್ಟಿನ ಸುತ್ತುಗಳ ನಡುವಿನ ಕೂದಲೆಳೆಯ ಸಂದಿಯನ್ನು ಅದು ತುಂಬಿ ಬಿಗಿಯುತ್ತದೆ. ಘಟ್ಟ ಹತ್ತುವ ಲಾರಿಯ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಸ್ಟಡ್ಡುಗಳಂತೂ ಕಾದು ತಣಿದು, ಮತ್ತೆ ಕಾದು, ಎಂಜಿನ್ನಿನ ಹೆಡ್ಡಿನೊಳಗೇ ಹೂತುಹೋಗುತ್ತವೆ. ಪಾನಾಕ್ಕೆ ಪೈಪು ಸೇರಿಸಿ ಜಗ್ಗಿದರೆ ತಲೆ ಕಿತ್ತು ಕೈಗೆ ಬರುತ್ತದೆ, ಬುಡ ಒಳಗೇ ಉಳಿಯುತ್ತದೆ. ಇಲ್ಲಿಂದ ಮುಂದೆ ಬಲಕ್ಕೆ ಕೆಲಸವಿಲ್ಲ. ಪಳಗಿದ ಮೆಕ್ಯಾನಿಕ್ ಮುರಿದ ಬುಡದ ಮೇಲೆ ನಟ್ಟೊಂದನ್ನಿಟ್ಟು, ಅದರ ತೂತಿನೊಳಗಿಂದ ಬುಡದ ನಟ್ಟನಡುವಿಗೆ ವೆಲ್ಡಿಂಗ್ ಕಿಡಿ ತಾಗಿಸುತ್ತಾನೆ. ಕಿಡಿ ಅಂಚಿಗೆ ಸರಿದರೆ ಹೆಡ್ಡಿನ ಬೀಡುಕಬ್ಬಿಣವೇ ಅಂಟಿಕೊಂಡು ಪೆಡಸಾಗಿ ಬಿರುಕು ಬಿಡಬಹುದು. ಸರಿಯಾಗಿ ಬಿದ್ದರೆ ಒಂದೇ ಏಟಿಗೆ ಎರಡು ಲಾಭ: ಪಾನಾ ಹಿಡಿಯಲು ಹೊಸ ತಲೆ ಸಿಗುತ್ತದೆ, ಜತೆಗೆ ಬುಡ ಕೆಂಪಗೆ ಕಾಯುತ್ತದೆ. ಕಾದದ್ದು ಹಿಗ್ಗಿ ತುಕ್ಕನ್ನು ಒತ್ತುತ್ತದೆ. ತಣಿಯುವಾಗ ಕುಗ್ಗಿ ಅದರ ಹಿಡಿತವನ್ನು ಒಡೆಯುತ್ತದೆ. ಬಿಸಿ ಆರುವ ಮುನ್ನ ಅಂಚಿಗೆ ಮೇಣ ಮುಟ್ಟಿಸಿದರೆ ಅದು ಕರಗಿ ಸಂದಿಗೆ ಇಳಿಯುತ್ತದೆ. ಆಮೇಲೂ ಒಂದೇ ದಿಕ್ಕಿಗೆ ತಿರುಗಿಸುವಂತಿಲ್ಲ. ತುಸು ಬಿಚ್ಚಿ, ತುಸು ಬಿಗಿದು, ಪುಡಿಯಾದ ತುಕ್ಕಿಗೆ ದಾರಿ ಮಾಡಿಕೊಡಬೇಕು. ಅಲ್ಯೂಮಿನಿಯಂ ಹೌಸಿಂಗಿನಲ್ಲಾದರೆ ಲೆಕ್ಕ ತಿರುವುಮುರುವು. ಅದು ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ ಅಲ್ಲಿ ಬೋಲ್ಟನ್ನು ಬಿಟ್ಟು ಹೌಸಿಂಗನ್ನೇ ಹದವಾಗಿ ಕಾಯಿಸಬೇಕು.

ಈ ವಿದ್ಯೆಗೆ ಕೊಯಮತ್ತೂರಿನ ನೆಲ ಹದವಾಗಿದ್ದಕ್ಕೆ ಕಾರಣಗಳಿವೆ. ಊರಿನ ಮೊದಲ ನೂಲಿನ ಗಿರಣಿ ಬಂದದ್ದು 1888ರಲ್ಲಿ. 1930ರ ದಶಕದಲ್ಲಿ ಪೈಕಾರದ ಜಲವಿದ್ಯುತ್ ಹರಿದುಬಂದ ಮೇಲೆ ಗಿರಣಿಗಳೂ, ಅವುಗಳ ಬೆನ್ನಿಗೆ ಎರಕದ ಮನೆಗಳೂ ಲೇತುಗಳೂ ಹೆಚ್ಚಿದವು. 1920ರಲ್ಲಿ ಪೊಳ್ಳಾಚಿ–ಪಳನಿ ನಡುವೆ ಒಂದೇ ಬಸ್ಸಿನಿಂದ ಆರಂಭಿಸಿದ ಇದೇ ಊರಿನ ಉದ್ಯಮಿ ಜಿ. ಡಿ. ನಾಯ್ಡು ಅದನ್ನು ದೊಡ್ಡ ಸಾರಿಗೆ ಸಂಸ್ಥೆಯಾಗಿ ಬೆಳೆಸಿದರು, ಯಂತ್ರ ತಯಾರಿಕೆಗೂ ಕೈ ಹಾಕಿದರು.

ಹೊಸ ಭಾಗ ಹಾಕಿದರಾಯಿತು, ಇಷ್ಟು ಪಾಡೇಕೆ ಎನ್ನುವವರಿದ್ದಾರೆ. ಬ್ರೇಕು, ಸ್ಟಿಯರಿಂಗಿನ ಬೋಲ್ಟುಗಳ ವಿಷಯದಲ್ಲಿ ಅವರ ಮಾತು ಪೂರ್ತಿ ಸರಿ; ಬಿಡಿಸಿದ್ದನ್ನು ಮತ್ತೆ ಹಾಕಲೇಬಾರದು. ಆದರೆ ಹೊಸ ಬೋಲ್ಟು ಹಾಕಲಿಕ್ಕೂ ಹಳೆಯದು ಹೊರಬರಬೇಕಲ್ಲ? ಬೆರಳುದ್ದದ ಸ್ಟಡ್ಡಿಗಾಗಿ ಇಡೀ ಹೆಡ್ಡನ್ನು ಎಸೆಯುವುದು ಒಂದೇ ಲಾರಿ ನಂಬಿದ ಮನೆಗೆ ತಾಳುವ ಖರ್ಚಲ್ಲ. ಎಕ್ಸ್‌ಟ್ರಾಕ್ಟರ್ ಎಂಬ ಉಪಕರಣ ಪೇಟೆಯಲ್ಲಿ ಸಿಗುತ್ತದೆ, ನಿಜ. ಆದರೆ ಗಟ್ಟಿ ಉಕ್ಕಿನ ಆ ಕಡ್ಡಿ ಒಳಗೇ ಮುರಿದರೆ ಸಾಮಾನ್ಯ ಡ್ರಿಲ್ ಬಿಟ್ಟು ಅದನ್ನು ಕೊರೆಯದು. ಆಗ ಭಾಗವನ್ನು ಕಳಚಿ, ವಿದ್ಯುತ್ ಕಿಡಿಯಿಂದ ಲೋಹ ಕರಗಿಸುವ ಯಂತ್ರವಿರುವ ಟೂಲ್‌ರೂಮಿಗೆ ಒಯ್ಯಬೇಕಾಗುತ್ತದೆ. ಬೋಲ್ಟನ್ನೇ ಕೊರೆದು ತೆಗೆಯುವುದಕ್ಕೂ ಹದ್ದಿದೆ: 1.5 ಮಿ.ಮೀ. ಪಿಚ್ಚಿನ 10 ಮಿ.ಮೀ. ಬೋಲ್ಟಿನಲ್ಲಿ 8.5 ಮಿ.ಮೀ. ದಾಟಿದರೆ, ಅಥವಾ ನಡು ತಪ್ಪಿದರೆ, ಸುತ್ತುಗಳೇ ಹೋದವು.

ಐಟಿಐ ಫಿಟ್ಟರ್ ತರಗತಿಯಲ್ಲೂ ಮುರಿದ ಸ್ಟಡ್ ತೆಗೆಯುವ ಪಾಠವಿದೆ. ಆದರೆ ಇನ್ನು ತುಸು ಜಗ್ಗಿದರೆ ಮುರಿಯುತ್ತದೆ ಎಂದು ಮಣಿಕಟ್ಟು ಮೊದಲೇ ಅರಿಯುವುದು ಕಾದ ಎಂಜಿನ್ನುಗಳ ಬಳಿ ವರ್ಷಗಟ್ಟಲೆ ಕುಳಿತವರಿಗೆ ಮಾತ್ರ. ಗ್ಯಾರೇಜಿನ ಬಿಲ್ಲಿನಲ್ಲಿ ಆ ಅರಿವು 'ವೆಲ್ಡಿಂಗ್' ಎಂಬ ಸಾಲಿನೊಳಗೆ ಕರಗಿಹೋಗಬಾರದು. ಬೋಲ್ಟು ಬಿಡಿಸಿದ್ದಕ್ಕೇ ಬೇರೆ ಸಾಲು ಬೇಕು. ಇನ್ನು ಈಗ ಹೆಚ್ಚುತ್ತಿರುವ ಬ್ಯಾಟರಿ ವಾಹನಗಳಿಗೆ ಎಕ್ಸಾಸ್ಟ್ ಮ್ಯಾನಿಫೋಲ್ಡೇ ಇಲ್ಲ. ಹುಡುಗರು ಈ ಕೈಹದ ಕಲಿಯುತ್ತಿದ್ದ ಜಾಗವೇ ಹೀಗೆ ಕಿರಿದಾಗುತ್ತಿರುವಾಗ, ಆ ವಾಹನಗಳ ಅಲ್ಯೂಮಿನಿಯಂ ಕವಚಗಳಲ್ಲಿ ಉಕ್ಕಿನ ಬೋಲ್ಟುಗಳು ಮಳೆನೀರು ಕುಡಿದು ಕಚ್ಚಿಕೊಳ್ಳುವುದು ಮಾತ್ರ ನಿಲ್ಲುವುದಿಲ್ಲ.