ಕೊಟ್ಟಿಗೆಯ ಸಗಣಿ, ಅಡುಗೆಮನೆಯ ಆರೋಗ್ಯ

ಬೆಳಿಗ್ಗೆ ಕಾಫಿಗೆ ಹಾಲು ಬೆರೆಸುವಾಗ ನಿಮಗೆ ಹಸುವಿನ ನೆನಪಾಗಬಹುದು. ಅದರ ಸಗಣಿಯ ನೆನಪು ಯಾರಿಗಾದೀತು? ಆದರೆ ಒಂದು ಹಸು ದಿನಕ್ಕೆ ಸುಮಾರು 10 ಕಿಲೋ ಸಗಣಿ ಹಾಕುತ್ತದೆ. ಅದನ್ನು ಏನು ಮಾಡುತ್ತೇವೆ ಎಂಬುದರ ಮೇಲೆ ಹಸು ಸಾಕಿದವರ ಆರೋಗ್ಯವೂ, ಊರಿನ ಗಾಳಿ ನೀರೂ ನಿಂತಿವೆ.

ತಿಪ್ಪೆ, ಬೆರಣಿ

ತೆರೆದ ತಿಪ್ಪೆ ನೊಣಗಳ ತವರು. ಮಳೆಗಾಲದಲ್ಲಿ ಸಗಣಿ, ಗಂಜಲದ ನೀರು ಇಂಗಿ ಬಾವಿ ಸೇರಿದರೆ ರೋಗಾಣುಗಳ ಜೊತೆಗೆ ನೈಟ್ರೇಟ್ ಕೂಡ ಹೆಚ್ಚುತ್ತದೆ. ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಮೀರಿದ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ ಎಳೆಗೂಸಿನ ಮೈ ನೀಲಿಗಟ್ಟಬಹುದು. ತಿಪ್ಪೆಯ ಆಳದಲ್ಲಿ ಗಾಳಿಯಾಡದೆ ಕೊಳೆಯುವ ಸಗಣಿಯಿಂದ ಹೊರಡುವ ಮೀಥೇನ್ ಅನಿಲವೂ ಭೂಮಿಯ ಬಿಸಿ ಏರಿಸುತ್ತದೆ.

ಹಾಗೆಂದು ಬೆರಣಿ ತಟ್ಟಿ ಉರಿಸಿದರೆ? ಒಲೆಯ ಮುಂದೆ ಕೂರುವ ತಾಯಿಗೆ ಕೆಮ್ಮು, ದಮ್ಮು. ಅವಳ ಮಡಿಲ ಮಗುವಿಗೆ ನ್ಯುಮೋನಿಯಾದ ಭಯ. ಅಡುಗೆಗೆ ಸಿಲಿಂಡರ್ ಬಂದ ಮೇಲೂ ಎಷ್ಟೋ ಹಳ್ಳಿ ಮನೆಗಳ ಬಚ್ಚಲ ಒಲೆ ಹೊಗೆಯಾಡುತ್ತಲೇ ಇದೆ.

ಒಂದೇ ಸಗಣಿ, ಎರಡು ಲಾಭ

ಸಗಣಿಗೆ ಅಷ್ಟೇ ನೀರು ಬೆರೆಸಿ ಗೋಬರ್ ಗ್ಯಾಸ್ ತೊಟ್ಟಿಗೆ ಬಿಟ್ಟರೆ ಅದೇ ಮೀಥೇನ್ ಒಲೆಯಲ್ಲಿ ಹೊಗೆಯಿಲ್ಲದೆ ಉರಿಯುತ್ತದೆ. 50 ಕಿಲೋ ಸಗಣಿಯಿಂದ ಸಿಗುವ ಸುಮಾರು 2 ಘನ ಮೀಟರ್ ಅನಿಲ ನಾಲ್ಕೈದು ಜನರ ಅಡುಗೆಗೆ ಸಾಕು. ಹೊರಬರುವ ಬಗ್ಗಡದಲ್ಲಿ ಸಾರಜನಕ ಉಳಿದಿರುವುದರಿಂದ ಹೊಲಕ್ಕೆ ಒಳ್ಳೆಯ ಗೊಬ್ಬರ.

ಆದರೆ ಮೊದಲು ಸಗಣಿಯ ಲೆಕ್ಕ ಹಾಕಿ. ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ತಂಡ ಊರೊಟ್ಟಿನ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿತ್ತು. ಎಲ್ಲ ಮನೆಗಳ ಅಡುಗೆಗೆ ಸಾಲುವಷ್ಟು ಸಗಣಿ ಸಿಗಲಿಲ್ಲ. 1987ರಿಂದ ಅದೇ ಅನಿಲದಿಂದ ಎಂಜಿನ್ ಓಡಿಸಿ ಊರಿಗೆ ಕುಡಿಯುವ ನೀರು, ದೀಪ ಒದಗಿಸಲಾಯಿತು. ಸಗಣಿ ತಂದುಕೊಟ್ಟವರಿಗೆ ಬಗ್ಗಡ ಹಿಂದಕ್ಕೆ ಸಿಗುತ್ತಿತ್ತು. ಇರುವ ಸಗಣಿಗೆ ತಕ್ಕ ಕೆಲಸ ಹುಡುಕಿದ್ದೇ ಇಲ್ಲಿನ ಪಾಠ.

ಇಷ್ಟು ನೆನಪಿಡಿ

* ನಾಲ್ಕೈದು ರಾಸುಗಳಿದ್ದರೆ 2 ಘನ ಮೀಟರ್ ತೊಟ್ಟಿ ಯೋಚಿಸಿ. ಒಂದೆರಡೇ ಇದ್ದರೆ ಸಣ್ಣ ತೊಟ್ಟಿ, ಇಲ್ಲವೇ ನೆರಳಿನಲ್ಲಿ ಎರೆಗೊಬ್ಬರ ಮಾಡಿ.
* ತಿಪ್ಪೆಯಾಗಲಿ, ತೊಟ್ಟಿಯಾಗಲಿ ಬಾವಿಯಿಂದ ಕನಿಷ್ಠ 50 ಅಡಿ ದೂರವಿರಲಿ.
* ಅನಿಲ ಸೋರಿದರೆ ಬೆಂಕಿಯ ಅಪಾಯ, ಪರಿಸರಕ್ಕೂ ನಷ್ಟ. ಕೊಳವೆಯ ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ನೋಡಿ. ಗುಳ್ಳೆ ಬಂದರೆ ರಿಪೇರಿ ಮಾಡಿಸಿ.
* ತೊಟ್ಟಿಯೊಳಗೆ ಯಾರೂ ಇಳಿಯಕೂಡದು. ವಿಷಾನಿಲ ಕ್ಷಣದಲ್ಲಿ ಪ್ರಾಣ ತೆಗೆಯಬಲ್ಲದು.
* ಹಸಿಯಾಗಿ ತಿನ್ನುವ ಸೊಪ್ಪು, ಸೌತೆಗೆ ಹಸಿ ಬಗ್ಗಡ ಹಾಕಬೇಡಿ. ರೋಗಾಣುಗಳೆಲ್ಲ ಸತ್ತಿರುವುದಿಲ್ಲ.

ಹಸುವಿನಿಂದ ಬರುವ ಮೀಥೇನಿನ ಬಹುಪಾಲು ಅದರ ತೇಗಿನದು; ಅದನ್ನು ತೊಟ್ಟಿ ತಡೆಯಲಾರದು. ಪಶುವೈದ್ಯರನ್ನು ಕೇಳಿ ಸಮತೋಲಿತ ಮೇವು, ಖನಿಜ ಮಿಶ್ರಣ ಕೊಟ್ಟರೆ ಹಾಲು ಹೆಚ್ಚುತ್ತದೆ, ಲೀಟರು ಹಾಲಿಗೆ ಹೊರಡುವ ಮೀಥೇನ್ ತಗ್ಗುತ್ತದೆ. ಪೇಟೆಯಲ್ಲಿರುವ ನೀವು, ಊರಲ್ಲಿ ಹಸು ಸಾಕಿರುವ ಅಣ್ಣನಿಗೋ ಅತ್ತೆಗೋ ಈ ವಿಷಯ ತಿಳಿಸಿ. ಅವರ ಮನೆಯ ಹೊಗೆ ತಗ್ಗಲಿ.